ಪೆಂಗ್ವಿನ್ ದ್ವೀಪಕ್ಕೆ ಇಳಿಯದ ಬೂಟು

ಸಿರಾ ಬಸ್ ಸ್ಟ್ಯಾಂಡಿನಲ್ಲಿ ನಾನು ಇಳಿದಾಗ ಅಪ್ಪ ಬಂದಿರಲಿಲ್ಲ. ಕಾಲೇಜು ಸೇರಿದ ದಿನದಿಂದ ನಾನು ಎಲ್ಲಿಂದ ಬಂದರೂ ಅವನ ಹಳೇ ಮೊಪೆಡ್ ಹೂವಿನ ಅಂಗಡಿಯ ಪಕ್ಕ ನಿಂತಿರುತ್ತಿತ್ತು. ಆ ದಿನ ಅಲ್ಲಿ ಯಾರೂ ಇರಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ.

"ಆಟೋ ಹಿಡ್ಕಂಡು ಬಂದ್ಬುಡು ಕಣಮ್ಮ. ನಿಮ್ಮಪ್ಪ ಬರಾಕಿಲ್ಲ ಅಂತಾವ್ರೆ."

"ಯಾಕಮ್ಮ, ಹುಷಾರಿಲ್ವಾ?"

"ಹುಷಾರಾಗೇ ಅವ್ರೆ. ನೀನು ದೊಡ್ಡಮನೆಯವ್ನ ಬೂಟು ಹಿಡ್ಕಂಡು ಕೂತಿದ್ದು ಊರೆಲ್ಲ ನೋಡೈತೆ."

ದೊಡ್ಡಮನೆಯವನು ವಿಡಿಯೋ ಕಳಿಸಿದ್ದಾನೆ ಎಂದು ಆಗ ಗೊತ್ತಾಯಿತು. ಭೂಮಿಯ ಆ ತುದಿಯಲ್ಲಿ, ಹಡಗಿನಲ್ಲಿ, ಅವನ ಸ್ನೇಹಿತ ತೆಗೆದದ್ದು. ನಾನು ಮೂರು ವಿಮಾನ ಬದಲಾಯಿಸಿ ಊರಿಗೆ ಬರುವಷ್ಟರಲ್ಲಿ ಅದು ನಮ್ಮ ಹಟ್ಟಿಯ ಪ್ರತಿ ಫೋನಿಗೂ ಬಂದು ಕೂತಿತ್ತು.

ಅಪ್ಪ ಯಾಕೆ ಬರಲಿಲ್ಲ ಎನ್ನುವುದು ತಿಳಿಯಬೇಕಾದರೆ ನಮ್ಮ ತಾತನ ವಿಷಯ ಹೇಳಬೇಕು. ನಮ್ಮದು ಮದಲೂರು ಕೆರೆಯ ಆಚೆಗಿನ ಸಣ್ಣ ಹಳ್ಳಿ. ತಾತ ಊರಿನ ಜಮೀನ್ದಾರರ ದೊಡ್ಡಮನೆಗೆ ವರ್ಷಾವರ್ತಿ ಚರ್ಮದ ಚಪ್ಪಲಿ, ನಮ್ಮ ಮಾತಲ್ಲಿ ಕೆರ, ಹೊಲಿದು ಕೊಡುತ್ತಿದ್ದ. ಸುಗ್ಗಿಯಲ್ಲಿ ಕಣದ ಹೊರಗೆ ನಿಂತು ರಾಗಿ ಈಸಿಕೊಳ್ಳುತ್ತಿದ್ದ. ಹೊಸ ಕೆರ ಕೊಡುವಾಗ ತಾನೇ ಬಗ್ಗಿ ಅವರ ಕಾಲಿಗೆ ತೊಡಿಸಿ, ಸರಿಯಾಯಿತೇ ಎಂದು ಕೇಳಬೇಕಿತ್ತು. ಒಂದು ವರ್ಷ ಬಿಗಿಯಾಯಿತು. ಅದೇ ಕೆರದಲ್ಲಿ ಹೊಡೆದರು. ಅಪ್ಪ ಆಗ ತಾತನ ಪಕ್ಕದಲ್ಲೇ ನಿಂತಿದ್ದ.

ತಾತ ಸತ್ತ ಮೇಲೆ ಅಪ್ಪ ಅವನ ಉಳಿ, ಚರ್ಮ ಕೊಯ್ಯುವ ರಂಪಿಗೆ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಮದಲೂರು ಕೆರೆಗೆ ಎಸೆದು ಬಂದ. ಗಾರೆ ಕೆಲಸ ಕಲಿತ. ತನ್ನ ಮಕ್ಕಳು ಇನ್ನೊಬ್ಬರ ಕೆರ ಮುಟ್ಟಬಾರದು. ನಮ್ಮ ಮನೆಯಲ್ಲಿ ಇದ್ದದ್ದು ಇದೊಂದೇ ಕಾನೂನು. ಉಳಿದದ್ದೆಲ್ಲ ಅಮ್ಮನ ಇಷ್ಟ.

ನಮ್ಮ ಕೇರಿಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲನೆಯವಳು. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಸಂಕೋಚಪಡಬೇಕಾದವರು ಬೇರೆ ಇದ್ದಾರೆ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುವಾಗ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಹಿಂದೆ ಎರಡು ಬೇಸಿಗೆ ಕಳೆದೆ. "ಜಿಂಕೆ ಎಣ್ಸೋಕೂ ಸರ್ಟಿಫಿಕೇಟ್ ಕೊಡ್ತಾರಾ?" ಎಂದು ಮಧುಗಿರಿ ಬಸ್ಸಿನ ಕಂಡಕ್ಟರ್ ಕೇಳುತ್ತಿದ್ದ. ಕೊಟ್ಟರು. ಆಮೇಲೆ ಕಡಲ ಹಕ್ಕಿಗಳ ಕೆಲಸ, ಅದರಿಂದ ಈ ಹಡಗು. ದಕ್ಷಿಣ ಧ್ರುವದ ಕಡೆಯ ಹಿಮದ ದ್ವೀಪಗಳಿಗೆ ಪ್ರವಾಸಿಗಳನ್ನು ಕರೆದೊಯ್ದು ಪೆಂಗ್ವಿನ್, ಸೀಲು, ತಿಮಿಂಗಿಲ ತೋರಿಸುವ ಹಡಗು ಅದು. ಆ ಸೀಸನ್ನಿಗೆ ಕರ್ನಾಟಕದ ಒಂದು ಗುಂಪು ಬರುವುದಿತ್ತು. ಕನ್ನಡ, ಹಿಂದಿ ಎರಡೂ ಬರುವ ಮಾರ್ಗದರ್ಶಿ ಬೇಕು ಅಂದರು. ನನ್ನನ್ನು ತೆಗೆದುಕೊಂಡರು.

ಪ್ರಾಣಿಗಳ ಬಗ್ಗೆ ಹೇಳುವುದು ನನ್ನ ಕೆಲಸ. ಅದರ ಜೊತೆ ಇನ್ನೊಂದು ಕೆಲಸವೂ ಇತ್ತು. ದ್ವೀಪಕ್ಕೆ ಇಳಿಯುವ ಮೊದಲು ಎಲ್ಲರ ಬೂಟು, ಚೀಲ, ಕೋಟಿನ ಜೇಬು ಪರೀಕ್ಷಿಸಬೇಕು. ಹೊರಗಿನ ಒಂದು ಹುಲ್ಲಿನ ಬೀಜ ಅಲ್ಲಿ ಬೇರು ಬಿಟ್ಟರೆ ಅಲ್ಲಿನ ಗಿಡಗಳ ಕಥೆ ಮುಗಿಯಿತು. ಜೊತೆಗೆ ಈಗ ಹಕ್ಕಿಜ್ವರದ ಭಯ ಬೇರೆ. ಪ್ರವಾಸಿಗಳು ತಮ್ಮ ಬೂಟು ತಾವೇ ತಿಕ್ಕಿ ತರಬೇಕು, ನಾವು ದೀಪದ ಕೆಳಗೆ ತಿರುಗಿಸಿ ನೋಡಿ ಬಿಡಬೇಕು. ದ್ವೀಪ ಕಾಯುವ ಅಧಿಕಾರಿಗಳು ಮತ್ತೆ ಹಡಗಿಗೆ ಹತ್ತಿ ನೋಡುತ್ತಾರೆ. ಅವರ ಕೈಗೆ ಮಣ್ಣು ಸಿಕ್ಕರೆ ಇಡೀ ಹಡಗನ್ನೇ ತಡೆಯಬಹುದು.

ಅಪ್ಪನಿಗೆ ತಿಮಿಂಗಿಲದ ವಿಷಯ ಹೇಳಿದ್ದೆ. ಬೂಟಿನ ವಿಷಯ ಹೇಳಿರಲಿಲ್ಲ. ಅದು ಹೇಳುವಂಥ ವಿಷಯ ಅಂತ ನನಗೆ ಅನ್ನಿಸಿಯೇ ಇರಲಿಲ್ಲ.

ಮೊದಲ ದಿನದ ಊಟದಲ್ಲಿ ನನ್ನ ಎದುರು ಕೂತವನು ನಗುನಗುತ್ತಾ ಕೇಳಿದ.

"ಮೇಡಂ, ತಮ್ಮದು ಯಾವೂರು?"

"ಸಿರಾ ತಾಲ್ಲೂಕು ಸರ್."

"ಅರೆ, ನಮ್ದೂ ಸಿರಾನೇ! ಸಿರಾದಾಗೆ ಎಲ್ಲಿ?"

ಊರು ಹೇಳಿದೆ. ಅವನು ಚಮಚ ಕೆಳಗಿಟ್ಟ. ನನಗೂ ಆಗಲೇ ಮುಖದ ಗುರುತು ಹತ್ತಿತು. ನಮ್ಮೂರ ದೊಡ್ಡಮನೆಯ ಕಿರಿಮಗ. ಪಾವಗಡದ ಕಡೆ ಸೋಲಾರ್ ಫಲಕಗಳಿಗೆ ಕಂಬ ನೆಡುವ ಕಂಟ್ರಾಕ್ಟು ಹಿಡಿದು ತುಮಕೂರಿನಲ್ಲಿ ಮನೆ ಮಾಡಿದ್ದ.

"ಯಾರ ಮಗಳು?"

ಅಪ್ಪನ ಹೆಸರು ಹೇಳಿದೆ.

"ಗಾರೆ ಕೆಲ್ಸದವ್ನಾ? ಆ ಕೇರಿಯವ್ನು?"

"ಹೌದು."

ಅವನು ಸ್ನೇಹಿತನ ಕಡೆ ತಿರುಗಿದ. "ನೋಡಯ್ಯಾ, ನಾವು ದುಡ್ಡು ಸುರಿದು ಬಂದ್ರೆ ಇವ್ರು ಸಂಬಳ ಈಸ್ಕಂಡು ಬಂದವ್ರೆ! ಲೇ, ಆ ಉಪ್ಪು ಇತ್ಲಾಗೆ ಕೊಡು."

ಸೂಪು ಆರುವಷ್ಟರಲ್ಲಿ ನಾನು ಮೇಡಂ ಹೋಗಿ ಲೇ ಆಗಿದ್ದೆ. ಉಪ್ಪು ಅವನ ಕೈಗೆ ಎಟುಕುವ ಹಾಗೇ ಇತ್ತು. ನಾನು ಎದ್ದು ಬೇರೆ ಮೇಜಿಗೆ ಹೋದೆ.

ಅಲ್ಲಿಂದ ಮುಂದೆ ಅವನು ನನ್ನನ್ನು ಬಿಡಲಿಲ್ಲ. ನಾನು ಆಲ್ಬಟ್ರಾಸ್ ಎಂಬ ಕಡಲಕೋಳಿಯ ರೆಕ್ಕೆಯ ಬಗ್ಗೆ ಹೇಳುವಾಗ ಹಿಂದಿನ ಸಾಲಿನಿಂದ "ಇದನ್ನ ಸಾರು ಮಾಡ್ಬೋದಾ?" ಎನ್ನುತ್ತಿದ್ದ. ಅವನ ಹೆಂಡತಿ ಪಾವಗಡದ ಕಡೆಯವಳು, ಸಿಟ್ಟು ಬಂದರೆ ತೆಲುಗಿಗೆ ಹೋಗಿಬಿಡುವವಳು. ಅವಳು ಅವನ ತೋಳು ಚಿವುಟುತ್ತಿದ್ದಳು. ಅದಕ್ಕೂ ಅವನು ನಗುತ್ತಿದ್ದ. ನನಗೆ ಅವನನ್ನು ಸಮುದ್ರಕ್ಕೆ ತಳ್ಳಬೇಕು ಅನ್ನಿಸುತ್ತಿತ್ತು. ಸುಮ್ಮನೆ ಮಾತಿಗೆ ಹೇಳುತ್ತಿಲ್ಲ, ಹಡಗಿನ ಅಂಚಿನ ಕಟಕಟೆಯ ಎತ್ತರ ಕಣ್ಣಲ್ಲೇ ಅಳೆದಿದ್ದೆ.

ದ್ವೀಪ ತಲುಪುವ ಹಿಂದಿನ ದಿನ ಪರೀಕ್ಷೆ. ಬೂಟಿನ ಕೋಣೆಯಲ್ಲಿ ಬೆಂಚುಗಳ ಮೇಲೆ ಕೂತು ಎಲ್ಲರೂ ತಮ್ಮ ತಮ್ಮ ಬೂಟು ತಿಕ್ಕುತ್ತಿದ್ದರು. ಡಾಕ್ಟರು, ಜಡ್ಜು, ಯಾರ ಕೈಯಲ್ಲಿ ನೋಡಿದರೂ ಬ್ರಷ್ಷು. ಬೆರಳು ಬಾಗದ ಒಬ್ಬ ಅಜ್ಜಿಯ ಬೂಟು ಮಾತ್ರ ನಾನೇ ತಿಕ್ಕಿಕೊಟ್ಟಿದ್ದೆ. ನಾನು ಸಣ್ಣ ಸ್ಟೂಲಿನ ಮೇಲೆ ದೀಪ, ಚಿಮಟ ಇಟ್ಟುಕೊಂಡು ಕೂತಿದ್ದೆ. ಹಡಗಿನವರು ಕೊಡುವ ರಬ್ಬರ್ ಬೂಟು ಬೇಡವೆಂದು ದೊಡ್ಡಮನೆಯವನು ತನ್ನದೇ ದುಬಾರಿ ಬೂಟು ತಂದಿದ್ದ. ಅದನ್ನು ಹಾಕಿಕೊಂಡೇ ಬಂದು, ಕಾಲೆತ್ತಿ ನನ್ನ ಮೊಣಕಾಲಿನ ಹತ್ತಿರ ಚಾಚಿದ.

"ಬಿಚ್ಚಿ ಕೊಡಿ."

"ನೀನೇ ಬಿಚ್ಕಾ. ನಿಮ್ ತಾತ ತೊಡಿಸ್ತಿದ್ದ, ನೀನು ಬಿಚ್ಚು. ಲೆಕ್ಕ ಸರಿಹೋಗ್ತದೆ."

ಅವನ ಸ್ನೇಹಿತ ಫೋನ್ ಹಿಡಿದಿದ್ದ. ನಾನು ಕೈ ಕಟ್ಟಿ ಕೂತೆ. ಹಿಂದೆ ಸಾಲು ಬೆಳೆಯಿತು. ಕೊನೆಗೆ ಅವನೇ ಬಿಚ್ಚಿ ನನ್ನ ಮುಂದೆ ಧಪ್ಪೆಂದು ಹಾಕಿದ. ಎಲ್ಲರದನ್ನೂ ಎತ್ತಿಕೊಂಡ ಹಾಗೆ ಅದನ್ನೂ ಕೈಗೆತ್ತಿಕೊಂಡೆ. ಅಷ್ಟು ಹೊತ್ತಿಗೆ ಅವನು ಫೋನಿನ ಕಡೆ ಮುಖ ಮಾಡಿದ.

"ನೋಡ್ರಪ್ಪಾ, ಊರು ಬುಟ್ಟು ಇಷ್ಟು ದೂರ ಬಂದ್ರೂ ನಮ್ಮನೆ ಕೆರ ನಮ್ಮೂರೋರೇ ನೋಡ್ಕಂತಾರೆ!"

ಊರು ನೋಡಿದ ವಿಡಿಯೋ ನಾನು ಬೂಟು ಎತ್ತಿಕೊಂಡಲ್ಲಿಂದ ಶುರುವಾಗಿ ಇಲ್ಲಿಗೆ ಮುಗಿಯುತ್ತದೆ. ಕೋಣೆಯಲ್ಲಿ ಅದು ಮುಗಿಯಲಿಲ್ಲ.

ನಾನು ಬೂಟನ್ನು ದೀಪಕ್ಕೆ ಹಿಡಿದೆ. ಅಡಿಯ ಗೀರುಗಳ ತುಂಬ ಕೆಂಪು ಮಣ್ಣು. ಲೇಸಿನ ಸಂದಿಯಲ್ಲಿ ಉತ್ತರಾಣಿ ಬೀಜಗಳು ಸಾಲಾಗಿ ಕಚ್ಚಿಕೊಂಡಿದ್ದವು. ಶಾಲೆಗೆ ಹೋಗುವಾಗ ನನ್ನ ಲಂಗಕ್ಕೆ ಅಂಟುತ್ತಿದ್ದವು ಅವೇ. ಅಷ್ಟು ದೂರದಲ್ಲಿ ನಮ್ಮೂರ ಮಣ್ಣು ಕಂಡರೆ ಕಣ್ಣು ತುಂಬಬೇಕಿತ್ತೇನೋ. ನನಗೆ ಹಾಗೇನೂ ಆಗಲಿಲ್ಲ. ಅದು ಅವನ ತೋಟದ ಮಣ್ಣು.

"ಇದನ್ನ ತೋಟದಾಗೆ ಹಾಕಿದ್ರಾ?"

"ಹೂಂ, ಕಾಲಿಗೆ ಒಗ್ಲಿ ಅಂತ."

"ಇದು ಆಗಲ್ಲ. ಅಲ್ಲಿ ಬ್ರಷ್ ಐತೆ, ಚಿಮಟ ಐತೆ. ಕೂತ್ಕಂಡು ಒಂದೊಂದೇ ತೆಗೀರಿ."

"ನೀನು ತೆಗಿ."

"ನನ್ ಕೆಲಸ ನೋಡೋದು."

"ತೆಗೆಯಾಕೇ ತಾನೆ ನಿನ್ನ ಮಡಗಿರೋದು!"

ಅವನ ಕೂಗಿಗೆ ನಮ್ಮ ಮಾರ್ಗದರ್ಶಿಗಳ ತಂಡದ ಮುಖ್ಯಸ್ಥೆ ಬಂದಳು. ವಿದೇಶದವಳು, ಒರಟಲ್ಲ, ಆದರೆ ಜಗಳ ಎಂದರೆ ಆಗದು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದಳು. ಆಗಷ್ಟೇ ಆ ಅಜ್ಜಿಯ ಬೂಟು ನೀನೇ ತಿಕ್ಕಿದೆಯಲ್ಲ, ಇದೂ ಐದು ನಿಮಿಷದ ಕೆಲಸ, ಮಾಡಿ ಮುಗಿಸಿಬಿಡು.

"ಅಜ್ಜಿಯ ಬೆರಳು ಬಾಗುವುದಿಲ್ಲ. ಇವರ ಬೆರಳು ಚೆನ್ನಾಗಿ ಬಾಗುತ್ತವೆ," ಅಂದೆ.

"ಇದರಲ್ಲಿ ಬೇರೆ ಏನಾದರೂ ಇದೆಯಾ?"

ಇತ್ತು. ತಾತ, ಕಣ, ರಾಗಿ, ಕೆರೆಗೆ ಬಿದ್ದ ಗೋಣಿಚೀಲ. ಹೇಳದಿದ್ದುದು ಇಂಗ್ಲಿಷ್ ಸಾಲದೆ ಅಲ್ಲ. ಅವನ ಬೂಟಿನ ಪಕ್ಕದಲ್ಲಿ ನಿಂತು ನನ್ನ ತಾತನ ಕಥೆಯನ್ನು ಸಿಫಾರಸಿನ ಹಾಗೆ ಬಳಸಲು ಮನಸ್ಸು ಬರಲಿಲ್ಲ. "ನಿಯಮ ಇದೆ, ಅಷ್ಟೇ," ಎಂದೆ. ಅವಳ ಮುಖ ಬಿಗಿಯಿತು. ಆದರೆ ಮಣ್ಣು ಅವಳ ಕಣ್ಣಿಗೂ ಕಾಣುತ್ತಿತ್ತು. ಅವನ ಹತ್ತಿರ ಹೋಗಿ, ನೀವೇ ತಿಕ್ಕಿಕೊಳ್ಳಿ, ಇಲ್ಲದಿದ್ದರೆ ಹಡಗಿನ ರಬ್ಬರ್ ಬೂಟು ಹಾಕಿಕೊಳ್ಳಿ, ಎರಡೂ ಬೇಡವಾದರೆ ಇಳಿಯುವಂತಿಲ್ಲ ಎಂದಳು.

"ಕಂಡೋರು ಹಾಕಿದ ಬೂಟು ನಾನು ಹಾಕಲ್ಲ," ಎಂದು ಅವನು ಕನ್ನಡದಲ್ಲೇ ಕಿರುಚಿದ. ಅನುವಾದ ಮಾಡು ಎಂಬಂತೆ ಅವಳು ನನ್ನನ್ನು ನೋಡಿದಳು. ಮಾಡಿದೆ, ಒಂದು ಪದವನ್ನೂ ಬಿಡದೆ.

ಮರುದಿನ ಬೆಳಿಗ್ಗೆ ಅವನ ಬೂಟು ಹಾಗೇ ಇತ್ತು. ಅವನ ಹೆಂಡತಿ ತನ್ನ ಬೂಟು ಫಳಫಳ ತಿಕ್ಕಿ, ಕೋಟು ಹಾಕಿ, ದೋಣಿಯ ಸಾಲಿನಲ್ಲಿ ನಿಂತಿದ್ದಳು. ಅವನು ಬಾಗಿಲಲ್ಲಿ ಏನೋ ಗುಡುಗಿದ. "ಮೀರು ಕಡುಕ್ಕೋಂಡಿ, ನೇನು ಪೋತಾ," ಅಂದಳು. ನೀವು ತೊಳ್ಕೊಳ್ಳಿ, ನಾನು ಹೊರಟೆ ಎಂದು ಅರ್ಥ. ಹೊರಟೇಬಿಟ್ಟಳು.

ದಡ ನಮ್ಮನ್ನು ಕರೆಯುತ್ತಿರಲಿಲ್ಲ. ಗಾಳಿ ಕೆನ್ನೆ ಕೊಯ್ಯುತ್ತಿತ್ತು, ಹಕ್ಕಿಗಳ ಹಿಕ್ಕೆಯ ನಾತ ಗಂಟಲಿಗೆ ಇಳಿಯುತ್ತಿತ್ತು. ತುಪ್ಪಳದ ಸೀಲೊಂದು ಹಲ್ಲು ಕಿರಿದು ನನ್ನ ಮೇಲೇ ನುಗ್ಗಿ ಬಂತು. ಅದು ನನ್ನನ್ನು ಯಾರ ಮಗಳೆಂದು ಕೇಳಲಿಲ್ಲ, ಸುಮ್ಮನೆ ಕಚ್ಚಲು ಬಂತು. ಅದರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಗುಡ್ಡದ ಬುಡದವರೆಗೂ ರಾಜ ಪೆಂಗ್ವಿನ್ನುಗಳು ಒತ್ತೊತ್ತಾಗಿ ನಿಂತು ಒಂದನ್ನೊಂದು ಕುಕ್ಕಿ ಬೈದಾಡುತ್ತಿದ್ದವು. ಅವುಗಳ ಮುಂದೆ ಇಡೀ ಗುಂಪನ್ನು ನಿಲ್ಲಿಸಿ ಫೋಟೋ ತೆಗೆದರು. ದೊಡ್ಡಮನೆಯವನ ಹೆಂಡತಿ ಮುಂದಿನ ಸಾಲಿನಲ್ಲಿ ನಿಂತು ಬಾಯ್ತುಂಬ ನಗುತ್ತಿದ್ದಳು.

ಸೀಸನ್ ಮುಗಿದಾಗ ಮುಖ್ಯಸ್ಥೆ ನನ್ನ ಕೈ ಕುಲುಕಿದಳು. ಮುಂದಿನ ವರ್ಷದ ಮಾತು ಎತ್ತಲಿಲ್ಲ.

ಆಟೋ ಇಳಿದು ಮನೆಗೆ ಬಂದಾಗ ಅಪ್ಪ ಜಗಲಿಯ ಮೇಲೆ ಕೂತಿದ್ದ. ತಲೆ ಎತ್ತಲಿಲ್ಲ. ಅಮ್ಮ ಕೊಟ್ಟ ನೀರು ನಾನು ಕುಡಿದು ಮುಗಿಸುವವರೆಗೂ ಕಾದ.

"ಮುಟ್ದಾ?"

"ಮುಟ್ದೆ."

"ಆ ಮನೆಯವ್ನ್ದು?"

"ಎಲ್ಲರ್ದೂ ಮುಟ್ದೆ. ಅವನ್ದೂ ಮುಟ್ದೆ. ನೋಡೋಕೆ."

"ಇದಕ್ಕಾ ನಾನು ಸಿಮೆಂಟಾಗೆ ಕೈ ಸುಟ್ಕಂಡಿದ್ದು? ಇದಕ್ಕೆ ಎಮ್ಮೆಸ್ಸಿ ಯಾಕೆ ಬೇಕಿತ್ತು? ಊರಾಗೇ ಮಾಡ್ಬೋದಿತ್ತಲ್ಲ!"

ನನಗೂ ರೇಗಿತು. "ವಿಡಿಯೋ ಅರ್ಧ ಐತೆ ಅಪ್ಪಾ. ಪೂರ್ತಿ ಕೇಳಿ ಆಮೇಲೆ ಬಯ್ಯಿ." ನಿಂತಲ್ಲೇ ಎಲ್ಲ ಹೇಳಿದೆ. ಬೂಟು ಬಿಚ್ಚದೆ ಕೂತದ್ದು, ಕೆಂಪು ಮಣ್ಣು, ಉತ್ತರಾಣಿ, ಅವನು ಹಡಗಿನಲ್ಲೇ ಉಳಿದದ್ದು. ಅಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಪ್ಪ ನಗಲಿಲ್ಲ.

"ಅದನ್ನ ಯಾರು ನೋಡಿದ್ರು? ಊರು ನೋಡಿದ್ದು ಅರ್ಧಾನೇ. ಬಸ್ ಸ್ಟ್ಯಾಂಡ್ನಾಗೆ ನಂಗೆ ಕೇಳ್ತಾರೆ, ಮಗಳು ಹಡಗಿನಾಗೆ ಪಾಲಿಶ್ ಮಾಡ್ತಾಳಾ ಅಂತ."

ನಾನು ಫೋನಿನಲ್ಲಿ ಆ ಗುಂಪಿನ ಫೋಟೋ ತೆಗೆದು ಅವನ ಕೈಗಿಟ್ಟೆ. ಅಪ್ಪ ಕನ್ನಡಕ ತರಿಸಿಕೊಂಡ. ಒಂದೊಂದೇ ಮುಖವನ್ನು ಬೆರಳಲ್ಲಿ ದೊಡ್ಡದು ಮಾಡುತ್ತಾ ಹೋದ.

"ಇವ್ಳು ಅವನ ಹೆಂಡ್ತಿ."

"ಹೂಂ."

"ಇವ್ನು ಅವನ ಜತೆಗಾರ. ನೀನು ಇಲ್ಲಿದ್ದೀಯ." ಮತ್ತೊಂದು ಸುತ್ತು ಮೊದಲಿನಿಂದ ನೋಡಿದ. "ಅವ್ನೆಲ್ಲಿ?"

"ಇಲ್ಲ ಅಂದೆನಲ್ಲ."

"ಇದನ್ನ ನನ್ ಫೋನಿಗೆ ಹಾಕು."

ಊರಿನ ವಾಟ್ಸಾಪ್ ಗುಂಪು ಕಟ್ಟಿದವನು ಆ ದೊಡ್ಡಮನೆಯವನೇ. ಅಪ್ಪ ಫೋಟೋವನ್ನು ಅದಕ್ಕೇ ಕಳಿಸಿದ. ಆಮೇಲೆ ಫೋನನ್ನು ಬಾಯಿಯ ಹತ್ತಿರ ಹಿಡಿದು, ಕಟ್ಟಡದ ಸಾರುವೆ ಮೇಲೆ ನಿಂತು ಕೆಳಗಿನ ಕೂಲಿಯವರಿಗೆ ಕೂಗುವ ದನಿಯಲ್ಲಿ ಹೇಳಿದ: "ಎಲ್ಲಾರೂ ನೋಡ್ರಪ್ಪಾ. ನನ್ ಮಗಳು ಕರ್ಕಂಡೋಗಿದ್ದ ಜಾಗ. ಇದ್ರಾಗೆ ದೊಡ್ಡಮನೆ ಚಿಕ್ಕ ಯಜಮಾನ್ರು ಎಲ್ಲವ್ರೆ ಹುಡುಕ್ರಿ. ಸಿಕ್ಕಿಲ್ಲ ಅಂದ್ರೆ ಯಾಕೆ ಅಂತ ಅವ್ರನ್ನೇ ಕೇಳ್ರಿ. ಬೂಟಿನ ಮಣ್ಣು ತೆಗೆಯಾಕೆ ಬರಲಿಲ್ವಂತೆ ಪಾಪ."

"ಅಯ್ಯೋ, ಯಾಕ್ರೀ ಇಲ್ಲದ ಉಸಾಬರಿ," ಅಂದಳು ಅಮ್ಮ. ಮೂವರೂ ಫೋನು ನೋಡುತ್ತಾ ಕೂತೆವು. ಯಾರೋ ಒಬ್ಬರು ನಗುವ ಮುಖ ಹಾಕಿದರು. ತಕ್ಷಣ ಅಳಿಸಿದರು. ಇನ್ನೊಬ್ಬರು ಏನೋ ಬರೆಯುತ್ತಿದ್ದು ನಿಲ್ಲಿಸಿದರು. ಆಮೇಲೆ ಒಂದು ಸಾಲು ಬಂತು.

"ಏನಂತದೆ?"

"ನಿನ್ನನ್ನ ಗುಂಪಿನಿಂದ ತೆಗೆದು ಹಾಕವ್ರೆ."

"ಅವ್ನೇನಾ?"

"ಅವ್ನೇ."

"ತೆಗೀಲಿ ಬುಡು. ಬೆಳಗಾಗೆದ್ದು ಅವ್ನು ಕಳ್ಸೋ ಗುಲಾಬಿ ಹೂವು ನೋಡಿ ಕಣ್ಣು ನೋಯ್ತಿತ್ತು." ಫೋನು ಕೆಳಗಿಟ್ಟ. ನನ್ನ ಕಡೆ ನೋಡದೆಯೇ, "ಆದ್ರೂ ಮುಟ್ದೆ ನೀನು," ಎಂದ.

ಅಮ್ಮ ಮುದ್ದೆ ಕಟ್ಟಲು ಒಳಗೆ ಹೋದಳು. ಅಪ್ಪ ಮತ್ತೆ ಫೋನು ಎತ್ತಿಕೊಂಡ. ಈ ಸಲ ಮನುಷ್ಯರನ್ನು ಸರಿಸಿ, ಹಿಂದೆ ನಿಂತಿದ್ದ ಹಕ್ಕಿಗಳನ್ನು ದೊಡ್ಡದು ಮಾಡಿದ. ನನ್ನ ಕೆಲಸದ ಬಗ್ಗೆ ಅವನು ಏನಾದರೂ ಕೇಳಿದ್ದು ಅದೇ ಮೊದಲು.

"ಇವು ಏನು ತಿಂತವೆ?"

"ಮೀನು."

"ಯಾರು ಹಾಕ್ತಾರೆ?"

"ಯಾರೂ ಹಾಕಲ್ಲ. ಅವೇ ಸಮುದ್ರಕ್ಕೆ ಹೋಗಿ ಹಿಡ್ಕಂತವೆ."

"ಸರಿ ಮತ್ತೆ," ಎಂದು ಅಪ್ಪ ಜಗಲಿಯ ಮೇಲೆ ನನಗೆ ಜಾಗ ಬಿಟ್ಟು ಸರಿದು ಕೂತ.