ವಾಲ್ವ್ ಇಲ್ಲದ ಎಂಜಿನ್

ನಮ್ಮ ಮನೆತನದಲ್ಲಿ ಆಟೊಮೊಬೈಲ್ ಡಿಪ್ಲೊಮಾ ಮಾಡಿದವನು ನಾನೊಬ್ಬನೇ. ಹಾಗಾಗಿ ಶೆಟ್ಟಿಹಳ್ಳಿಯ ನೆಂಟರ ಮನೆಯಲ್ಲಿ ಗಾಡಿಗಳ ಬಗ್ಗೆ ನಾನು ಹೇಳಿದ್ದೇ ಕೊನೆಯ ಮಾತು. ಆ ಠೀವಿಯಲ್ಲಿ ಒಂದು ಎಂಜಿನ್ನನ್ನು ಕೊಂದೆ. ಇದನ್ನು ಒಪ್ಪಿಕೊಳ್ಳಲು ಹದಿನೈದು ವರ್ಷ ಬೇಕಾಯಿತು.

ನನ್ನ ಸೋದರಮಾವನ ದ್ರಾಕ್ಷಿ ತೋಟಕ್ಕೆ ನೀರೆತ್ತುತ್ತಿದ್ದುದು ಒಂದು ಹಳೇ ಕಾರಿನ ಎಂಜಿನ್. ಯಾವುದೋ ಬಂಗಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಕಾರನ್ನು ಮಾವನ ಅಪ್ಪ ತಂದು, ಎಂಜಿನ್ ಕಳಚಿ, ಬಾವಿಯ ದಡದಲ್ಲಿ ಕೂರಿಸಿದ್ದರಂತೆ. ಸದ್ದು ಕಡಿಮೆ, ಹೊಗೆ ಜಾಸ್ತಿ. ಬಾವಿ ಬತ್ತಿ, ತೋಟ ಲೇಔಟ್ ಆದ ಮೇಲೂ ಅದು ಶೆಡ್ಡಿನಲ್ಲಿತ್ತು. ಆಯುಧಪೂಜೆಯಲ್ಲಿ ಹೊಸ ಕಾರಿಗಿಂತ ಮೊದಲು ಅದಕ್ಕೇ ಕುಂಕುಮ. ಅದು ಇನ್ನೊಮ್ಮೆ ಓಡುವುದನ್ನು ನೋಡಬೇಕೆಂದು ಮಾವನಿಗೆ ಬಲು ಆಸೆ. ನನ್ನನ್ನು ಕರೆಸಿದರು.

ನೆಂಟರೆಲ್ಲ ಸುತ್ತ ನಿಂತಿದ್ದರು. ಮೇಲಿನ ಮುಚ್ಚಳ ಬಿಚ್ಚಿದೆ. ಒಳಗೆ, ಎಂಜಿನ್ ಉಸಿರಾಡಲು ತೆರೆದು ಮುಚ್ಚುವ ವಾಲ್ವ್‌ಗಳೇ ಇಲ್ಲ! ಸಾಲದ್ದಕ್ಕೆ ಸಿಲಿಂಡರಿನ ಗೋಡೆಯಲ್ಲಿ ಉದ್ದುದ್ದ ಕಿಂಡಿಗಳು.

"ಯಾರೋ ವಾಲ್ವ್ ಎಲ್ಲಾ ಕಿತ್ಕೊಂಡ್ ಹೋಗಿದಾರೆ ಮಾವ. ಗೋಡೇನೂ ಕೊರ್ದು ಹಾಳ್ಮಾಡಿದಾರೆ. ಗುಜರಿಗೆ ಹಾಕ್ಬಿಡಿ."

"ಮೊದ್ಲಿಂದ್ಲೂ ಇಂಗೇ ಇತ್ತೇನೋ ಕಣಪ್ಪ..." ಎಂದರು ಮಾವ.

"ವಾಲ್ವ್ ಇಲ್ದೆ ಎಂಜಿನ್ ಓಡುತ್ತಾ ಮಾವ?" ಎಂದು ನಕ್ಕೆ. ಎಲ್ಲರೂ ನಕ್ಕರು. ಮಾವ ಕೈ ಒರೆಸಿಕೊಂಡು ಒಳಗೆ ಹೋದರು. ಮುಂದಿನ ವಾರ ಗುಜರಿಯವನ ಟೆಂಪೊ ಬಂತು.

ಕಳೆದ ವರ್ಷ ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಲ್ಲೇ ನಿಂತಾಗ, ಮೊಬೈಲಿನಲ್ಲಿ ಹಳೇ ಕಾರುಗಳ ಬಗ್ಗೆ ಓದತೊಡಗಿದೆ. ಆ ಕಾಲದವರಿಗೆ ಎಂಥೆಂಥ ಹುಚ್ಚು! ಒಬ್ಬ ಒಂದೇ ಸಿಲಿಂಡರಿನಲ್ಲಿ ಎರಡು ಪಿಸ್ಟನ್‌ಗಳನ್ನು ಎದುರುಬದುರು ಕೂರಿಸಿದ. ಇನ್ನೊಬ್ಬ ಒಳಗೆ ತಿರುಗಬೇಕಾದ ದಂಡವನ್ನು ಬಿಗಿದಿಟ್ಟು, ಸಿಲಿಂಡರುಗಳನ್ನೇ ಗಿರಗಿರ ತಿರುಗಿಸಿದ. ಮತ್ತೊಬ್ಬನಂತೂ ವಾಲ್ವ್‌ಗಳ ಕಟಕಟ ಸದ್ದೇ ಬೇಡವೆಂದು ಅವನ್ನು ಕೈಬಿಟ್ಟ. ಬದಲಿಗೆ ಪಿಸ್ಟನ್ನಿನ ಸುತ್ತ ಮೇಲೆ ಕೆಳಗೆ ಜಾರುವ ಕೊಳವೆಗಳು, ಅವುಗಳಲ್ಲಿ ಕಿಂಡಿಗಳು. ಕಿಂಡಿಗೆ ಕಿಂಡಿ ಕೂಡಿದಾಗ ಉಸಿರಾಟ. ಸದ್ದು ಕಡಿಮೆ, ಹೊಗೆ ಜಾಸ್ತಿ.

ಬಸ್ಸು ಮುಂದೆ ಹೋಯಿತು. ನಾನು ಮಾತ್ರ ಆ ಶೆಡ್ಡಿನಲ್ಲೇ ಉಳಿದೆ. ಎಂಜಿನ್ ಹೀಗೂ ಇರಬಹುದೇ ಎಂದು ಆ ಕಾಲದವರು ಕೇಳಿಕೊಂಡಿದ್ದರು. ಹೀಗೇ ಇರಬೇಕು ಎಂಬುದನ್ನಷ್ಟೇ ನಾನು ಮೂರು ವರ್ಷ ಓದಿ ಕಲಿತಿದ್ದೆ. ನಾಚಿಕೆಯಾಯಿತು.

ಆ ವರ್ಷದ ಆಯುಧಪೂಜೆಗೆ ಹೋಗಿ ಮಾವನಿಗೆ ಎಲ್ಲ ಹೇಳಿದೆ. ಅವರು ಕಾರಿಗೆ ಬಾಳೆಕಂದು ಕಟ್ಟುತ್ತಿದ್ದರು.

"ಗೊತ್ತಿತ್ತು ಬಿಡಪ್ಪ. ಅಪ್ಪ ಅದನ್ನ ಬಿಚ್ಚಿ ಜೋಡ್ಸೋವಾಗ ಪಕ್ಕದಲ್ಲೇ ಕೂತ್ಕೊಂಡು ನೋಡ್ತಿದ್ದೆ."

"ಮತ್ತೆ ಯಾಕ್ ಕೊಟ್ಬಿಟ್ರಿ?"

"ನೀನು ಓದಿರೋ ಉಡುಗ. ಅಷ್ಟು ಜನದ್ ಮುಂದೆ ನಿನ್ ಮಾತು ಎಂಗ್ ತೆಗೆದಾಕ್ಲಿ?"

ಒಳಗಿಂದ ಒಂದು ಕಬ್ಬಿಣದ ಹ್ಯಾಂಡಲ್ ತಂದು ಮಣೆಯ ಮೇಲಿಟ್ಟರು. ಎಂಜಿನ್ ತಿರುವಿ ಚಾಲೂ ಮಾಡುತ್ತಿದ್ದ ಹ್ಯಾಂಡಲ್. ಅದನ್ನು ಮಾತ್ರ ಗುಜರಿಗೆ ಕೊಟ್ಟಿರಲಿಲ್ಲ. ಕುಂಕುಮದ ಬಟ್ಟಲು ನನ್ನ ಕೈಗೆ ಕೊಟ್ಟರು. ಹ್ಯಾಂಡಲಿಗೆ ಹಚ್ಚಿದೆ.

ಈಗಲೂ ಜನ ಹಳೇ ಯಂತ್ರಗಳನ್ನು ತೋರಿಸಿ ನನ್ನ ಅಭಿಪ್ರಾಯ ಕೇಳುತ್ತಾರೆ. ಸ್ಪ್ಯಾನರ್ ಹಿಡಿಯುವ ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ: "ಇದು ಓಡ್ತಿದ್ದಾಗ ಹೆಂಗಿತ್ತು?" ಅಂದು ಆ ಶೆಡ್ಡಿನಲ್ಲಿ ಇದಕ್ಕೆ ಉತ್ತರ ಗೊತ್ತಿದ್ದವರು ನನ್ನ ಪಕ್ಕದಲ್ಲೇ ನಿಂತಿದ್ದರು.