ಏಟು ತಿಂದ ಅರಳೆ

ಮೊನ್ನೆ ಭೋಪಾಲ್‌ನ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ, ಅರಳೆ ಹಿಂಜುವವನೊಬ್ಬ ಬಂದು ಕೂತಿದ್ದ. ಅಟ್ಟದಲ್ಲಿದ್ದ ಹಳೆಯ ದಿಂಬೊಂದನ್ನು ತಂದು ಅವನ ಮುಂದೆ ಹಾಕಿದೆ. ಅವನು ಹೊಲಿಗೆ ಬಿಚ್ಚಿದ್ದೇ ತಡ, ಆ ವಾಸನೆ ಎದ್ದು ಬಂತು... ಹಳೆಯ ಹತ್ತಿಯ ಧೂಳು, ಎಷ್ಟೋ ಜನರ ಬೆವರು, ಅದರ ಜೊತೆ ಒಂದಿಷ್ಟು ಊದುಬತ್ತಿ. ಸುತ್ತಲೂ ಸ್ಕೂಟರುಗಳು, ಮಕ್ಕಳ ಸೈಕಲ್ಲುಗಳು. ನಾನು ಮಾತ್ರ ವಡೋದರಾದ ಫತೇಗಂಜಿನ ಒಂದು ಮಹಡಿಯ ಕೋಣೆಯಲ್ಲಿ ನಿಂತಿದ್ದೆ.

ಆ ಅರಳೆ ಮೊದಲು ದಿಂಬಾಗಿರಲಿಲ್ಲ. ಒಂದು ದಪ್ಪ ಹಾಸಿಗೆಯಾಗಿತ್ತು. ಅದರ ಮೇಲೆ ಯಾರೂ ಮಲಗುತ್ತಿರಲಿಲ್ಲ. ಅದನ್ನು ನಾವು ಹೊಡೆಯುತ್ತಿದ್ದೆವು.

ಎರಡು ಸಾವಿರದ ಇಸವಿ ಕಳೆದ ಹೊಸತು. ಅಪ್ಪನಿಗೆ ಮೈಸೂರಿನಿಂದ ಅಹಮದಾಬಾದಿನ ಸಂಶೋಧನಾ ಸಂಸ್ಥೆಯೊಂದಕ್ಕೆ ವರ್ಗವಾಗಿತ್ತು, ನಾನು ಎಂ.ಎ. ಓದಲು ವಡೋದರಾಕ್ಕೆ ಬಂದಿದ್ದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಹಾಸ್ಟೆಲಿನಲ್ಲಿ ಜೊತೆಗಿದ್ದ ಹುಡುಗಿ ನನ್ನ ಸೋಪು ಬಳಸಿದಳೆಂದು ಸ್ಟೀಲಿನ ಲೋಟ ಎಸೆದೆ. ಅವಳ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಅಜ್ಜಿ ಹೇಳುತ್ತಿದ್ದುದು ಆಮೇಲೆ ನೆನಪಾಯಿತು, ಆಮೇಲೆ ನೆನಪಾಗಿ ಏನು ಬಂತು. ಹಾಸ್ಟೆಲಿನವರು ಗಂಟುಮೂಟೆ ಕಟ್ಟಿಸಿದರು. ಫತೇಗಂಜಿನಲ್ಲಿ ಆಣಂದ್ ಊರಿನ ಕಡೆಯ ಹುಡುಗಿಯೊಬ್ಬಳ ಜೊತೆ ಬಾಡಿಗೆ ಕೋಣೆ ಹಿಡಿದೆ. ಅಲ್ಲೇ ಹತ್ತಿರದಲ್ಲಿ ನಮ್ಮ ಕನ್ನಡದವರೇ ಆದ ಮಾಸ್ತರರೊಬ್ಬರು ಇದ್ದಾರೆ, ಸಿಟ್ಟಿನವರಿಗೆ ಭಾನುವಾರ ಪಾಠ ಮಾಡುತ್ತಾರೆ, ಹೋಗಿ ನೋಡು ಎಂದು ಅಪ್ಪ ಫೋನಿನಲ್ಲಿ ಹೇಳಿದರು. ಅದು ಸಲಹೆಯಲ್ಲ, ಅಪ್ಪಣೆ.

ಮಾಸ್ತರರು ಧಾರವಾಡದವರು. ಸಣಕಲು ದೇಹ, ಬೋಳು ತಲೆ, ಅರ್ಧ ತೋಳಿನ ಖಾದಿ ಅಂಗಿ. ಅಜ್ಜನಿಂದ ಯೋಗ ಕಲಿತಿದ್ದರಂತೆ. ಆಮೇಲೆ ಪರದೇಶಕ್ಕೆ ಹೋಗಿ ಮನಶ್ಶಾಸ್ತ್ರ ಓದಿ, ಅಲ್ಲಿನ ಆಸ್ಪತ್ರೆಯಲ್ಲಿ ಬಹಳ ವರ್ಷ ದುಡಿದು ಬಂದಿದ್ದರು. ತೀರಿಕೊಂಡ ಹೆಂಡತಿ ಗುಜರಾತಿನವರು, ಈ ಮನೆ ಅವರ ತವರಿನದು. ಕೋಣೆಯ ಒಂದು ಗೋಡೆಗೆ ಇಂಗ್ಲಿಷ್ ಪುಸ್ತಕಗಳ ಕಪಾಟು, ಎದುರು ಗೋಡೆಗೆ ಉಪನಿಷತ್ತು, ಯೋಗಶಾಸ್ತ್ರಗಳ ಕಪಾಟು. ನಡುವೆ ನೆಲದ ಮೇಲೆ ಆ ಹಾಸಿಗೆ. ಬಾಗಿಲ ಬಳಿ ಮೊಳೆಗೆ ನೇತುಹಾಕಿದ ಧೋಕೊ, ಅಂದರೆ ಗುಜರಾತಿ ಹೆಂಗಸರು ಬಟ್ಟೆ ಬಡಿಯುವ ಮರದ ದಾಂಡು.

ಮೊದಲ ದಿನವೇ ಮಾಸ್ತರರು ತಮ್ಮ ಸಿದ್ಧಾಂತ ಹೇಳಿದರು. "ಪಶ್ಚಿಮದವ್ರು ಇದ್ದದ್ದನ್ನ ಹೊರಗ ಹಾಕು ಅಂತಾರ. ನಮ್ಮವ್ರು ಒಳಗ ಕೂತು ನೋಡು ಅಂತಾರ. ಇಬ್ರೂ ಅರ್ಧ ಅರ್ಧ ಹೇಳ್ಯಾರ. ನಾವು ಎರಡೂ ಕೂಡಿಸೋಣು." ಹಾಗೆಂದು ಧೋಕೊ ನನ್ನ ಕೈಗೆ ಕೊಟ್ಟರು.

ಹೊಡೆಯುವುದಕ್ಕೂ ಕ್ರಮವಿತ್ತು. ಕಾಲು ಅಗಲ ಮಾಡಿ ನಿಲ್ಲಬೇಕು, ಬಲಗಾಲು ತುಸು ಹಿಂದೆ. ಏಟು ಬೀಳುವಾಗ ಹೊಟ್ಟೆಯಿಂದ ಉಸಿರು 'ಹಾ' ಎಂದು ಹೊರಗೆ ಹೋಗಬೇಕು. ಹಾಗೆ ಉಸಿರು ಬಿಟ್ಟರೆ ತೋಳು ಸೋಲುವುದಿಲ್ಲ. ಯಾರ ಮೇಲೆ ಸಿಟ್ಟೋ ಅವರ ಮುಖ ಹಾಸಿಗೆಯ ಮೇಲೆ ಕಾಣಬೇಕು. ನಾನು ಹಾಸ್ಟೆಲಿನ ವಾರ್ಡನ್ನಿನ ಮುಖಕ್ಕೆ ಹೊಡೆದೆ. ಆಮೇಲೆ ಅಪ್ಪನ ಮುಖಕ್ಕೆ. ಗಂಟಲು ಹರಿಯುವಂತೆ ಕಿರುಚಿದೆ, ಉಗುಳಿದೆ, ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯುವವರೆಗೂ ಹೊಡೆದೆ. ನಮ್ಮದು ಅತ್ತೆ ಮೇಲಿನ ಕೋಪವನ್ನು ಕೊತ್ತಿ ಮೇಲೆ ತೀರಿಸಿಕೊಳ್ಳುವ ವಿದ್ಯೆ ಎಂದು ನಾನೇ ತಮಾಷೆ ಮಾಡುತ್ತಿದ್ದೆ. ಹೊಡೆದಾದ ಮೇಲೆ ಪಾಠಕ್ಕೆ ಬಂದವರೆಲ್ಲರೂ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಒಳಗೆ ಏನಾಗುತ್ತಿದೆಯೋ ಅದನ್ನು ಸುಮ್ಮನೆ ನೋಡಬೇಕು. ಒಳ್ಳೆಯದು ಕೆಟ್ಟದ್ದು ಎನ್ನಬಾರದು, ಪಶ್ಚಾತ್ತಾಪ ಪಡಬಾರದು. ಎಂಥ ನೆಮ್ಮದಿ ಅದು... ಸುಳ್ಳು ಹೇಳಲಾರೆ, ನನಗೆ ಅದು ಬಹಳ ಹಿಡಿಸಿತು.

ಹಿಂದಿನ ವರ್ಷವಷ್ಟೇ ಗಲಭೆಯಲ್ಲಿ ಊರು ಹೊತ್ತಿ ಉರಿದಿತ್ತು. ಎಲ್ಲಿ ಕೂಗು ಕೇಳಿದರೂ ಜನ ಅಂಗಡಿಯ ಬಾಗಿಲು ಎಳೆಯುತ್ತಿದ್ದ ಕಾಲ. ನಮ್ಮ ಕಿರುಚಾಟಕ್ಕೆ ಎರಡು ಸಲ ಪೊಲೀಸರು ಮಹಡಿ ಹತ್ತಿ ಬಂದು, ಹಾಸಿಗೆ ನೋಡಿ, ತಲೆ ಚಚ್ಚಿಕೊಂಡು ಇಳಿದು ಹೋಗಿದ್ದರು.

ನಮ್ಮಲ್ಲಿ ಮಾಸ್ತರರ ಅಚ್ಚುಮೆಚ್ಚಿನ ಶಿಷ್ಯನನ್ನು ನಾವು ಸೂರತ್ತಿನವರು ಎಂದೇ ಕರೆಯುತ್ತಿದ್ದೆವು. ದಾವಣಗೆರೆ ಕಡೆಯ ಇಂಜಿನಿಯರು, ಸೂರತ್ತಿನ ಕತಾರ್‌ಗಾಮ್‌ನ ಬಟ್ಟೆ ಕಾರ್ಖಾನೆಯಲ್ಲಿ ಕೆಲಸ. ಪ್ರತಿ ಭಾನುವಾರ ರೈಲು ಹಿಡಿದು ಬರುತ್ತಿದ್ದರು, ಬರುವಾಗ ನಮಗೆಲ್ಲ ಸಿಹಿ ತರುತ್ತಿದ್ದರು. ಮೆತ್ತಗಿನ ಮಾತು. ಮನೆಯಲ್ಲಿ ಹೆಂಡತಿಯ ಮೇಲೆ ಕೈಯೆತ್ತುತ್ತೇನೆ ಎಂದು ತಾವೇ ತಲೆ ತಗ್ಗಿಸಿ ಒಪ್ಪಿಕೊಂಡು ಸೇರಿದವರು. ಅವರ ನಿಲುವು, ಅವರ ಉಸಿರು ಒಂದೂ ತಪ್ಪುತ್ತಿರಲಿಲ್ಲ. ಧ್ಯಾನಕ್ಕೆ ಕೂತರೆ ರೆಪ್ಪೆಯೂ ಅಲುಗುತ್ತಿರಲಿಲ್ಲ. ಅವರನ್ನು ನೋಡಿ ಕಲಿಯಿರಿ ಎಂದು ಮಾಸ್ತರರು ನಮಗೆ ಹೇಳುತ್ತಿದ್ದರು.

ಚಳಿಗಾಲದ ಒಂದು ಭಾನುವಾರ ಅವರು ಬರಲಿಲ್ಲ. ಅವರ ಹೆಂಡತಿ ಬಂದರು. ಬಲಗೈಗೆ ಪ್ಲಾಸ್ಟರು, ತುಟಿಯ ಮೇಲೆ ಹೊಲಿಗೆ. ನಾನೂ ಧ್ಯಾನ ಕಲಿಯುತ್ತೇನೆ ಎಂದಿದ್ದಕ್ಕೆ ಗಂಡ ಖುಷಿಯಿಂದ ರೈಲು ಹತ್ತಿಸಿದನಂತೆ. ಆರು ವರ್ಷದ ಮಗಳನ್ನು ಮಾತ್ರ ಮನೆಯಲ್ಲೇ ಉಳಿಸಿಕೊಂಡಿದ್ದನಂತೆ, ಇವರು ಸಂಜೆಗೆ ವಾಪಸು ಬರಲೇಬೇಕಲ್ಲ. ಇಷ್ಟನ್ನು ಹೇಳಿ ಆಕೆ ಕೋಣೆಯನ್ನು ಒಮ್ಮೆ ಸುತ್ತ ನೋಡಿದರು. ಕಪಾಟುಗಳನ್ನು ನೋಡಿದರು, ಹಾಸಿಗೆಯನ್ನು ನೋಡಿದರು. ಆಮೇಲೆ ಮಾಸ್ತರರ ಕಡೆ ತಿರುಗಿದರು.

"ಮೊದ್ಲು ಎರಡೇಟಿಗೆ ಸುಸ್ತಾಗೋರು. ಆಮೇಲೆ ಅಳೋರು, ಕಾಲು ಹಿಡ್ಕಳೋರು. ಈಗ ಸುಸ್ತೇ ಆಗಲ್ಲ. ಉಸ್ರು ಬಿಟ್ಟು ಬಿಟ್ಟು ಹೊಡೀತಾರೆ. ಹೊಡೆದಾದ್ಮೇಲೆ ಕಣ್ಮುಚ್ಕಂಡು ಕೂರ್ತಾರೆ. ಎದ್ದು ಬಂದು ನಗ್ತಾ ಊಟಕ್ಕೆ ಹಾಕು ಅಂತಾರೆ. ನೀವು ಅವ್ರಿಗೆ ಪ್ರಾಕ್ಟೀಸ್ ಮಾಡಿಸ್ತಿದೀರ ಸಾರ್."

ಆಕೆ ಎಡಗೈಯಿಂದ ಧೋಕೊ ತೆಗೆದುಕೊಂಡರು. ಹಾಸಿಗೆಗೆ ಹೊಡೆಯುತ್ತಾರೆ ಎಂದುಕೊಂಡೆ. ನೆಲದ ಮೇಲೆ ಕೂತಿದ್ದ ಮಾಸ್ತರರ ಮೊಣಕಾಲಿನ ಮೇಲೆ ಬೀಸಿದರು. ಮೂಳೆಯ ಸದ್ದು ಕೇಳಿತು. ನಾನು ಎದ್ದೆ. ಮಾಸ್ತರರು ಕೈಯೆತ್ತಿ ನನ್ನನ್ನು ತಡೆದರು, ಅವರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

"ನೋಡಿ," ಎಂದರು ಆಕೆ. "ಸುಮ್ನೆ ನೋಡಿ. ಅದನ್ನೇ ಅಲ್ವಾ ಹೇಳ್ಕೊಡೋದು?"

ಅಷ್ಟು ಹೇಳಿ ದಾಂಡು ಬಿಸಾಕಿ ಗೋಡೆಗೆ ತಲೆಯಿಟ್ಟು ಅತ್ತರು.

ಮಾಸ್ತರರು ಎದ್ದು ನಿಲ್ಲಲು ಹೋಗಿ ಎರಡು ಸಲ ಕುಸಿದರು. ಮೂರನೆಯ ಸಲ ಕಪಾಟು ಹಿಡಿದು ನಿಂತು, ಮಗಳನ್ನು ಕರೆತರೋಣ ನಡೆಯಿರಿ ಎಂದರು. ನನ್ನನ್ನೂ ಕರೆದರು. ರೈಲಿನಲ್ಲಿ ಭರೂಚ್ ದಾಟುವವರೆಗೂ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದವರು, ನರ್ಮದೆಯ ಸೇತುವೆಯ ಮೇಲೆ ನನಗಷ್ಟೇ ಕೇಳುವಂತೆ ಮಾತಾಡಿದರು. ಮಾಡಿದ್ದೆಲ್ಲ ಮನಸ್ಸಿನ ಮೇಲೆ ಗೆರೆ ಕೊರೆಯುತ್ತದೆ, ಮತ್ತೆ ಮತ್ತೆ ಮಾಡಿದರೆ ಗೆರೆ ಆಳವಾಗುತ್ತದೆ ಎಂದು ಅಜ್ಜ ಬಾಲ್ಯದಲ್ಲೇ ಕಲಿಸಿದ್ದನಂತೆ. ಸಿಟ್ಟು ಕೊಡದ ನೀರು, ಚೆಲ್ಲಿದರೆ ಖಾಲಿಯಾಗುತ್ತದೆ ಎಂದು ಪರದೇಶದ ಗುರುಗಳು ಕಲಿಸಿದ್ದರಂತೆ. ಒಂದನ್ನು ನಂಬಿದರೆ ಇನ್ನೊಂದು ನಿಲ್ಲುವುದಿಲ್ಲ. ಎದುರುಬದುರು ಎರಡು ಕಪಾಟು ಇಟ್ಟುಕೊಂಡೂ ಅದು ತಮಗೆ ಕಾಣಲಿಲ್ಲವಲ್ಲ ಎಂದರು.

"ಎರಡೂ ಔಷಧ ಛಲೋನ ಇರಬಹುದವಾ," ಎಂದರು ಕೊನೆಗೆ. "ಕೂಡಿಸಿದ್ರ ಏನಾಗ್ತದ ಅಂತ ನಾ ನೋಡ್ಲಿಲ್ಲ. ಕುಡಿದವರ ಮನಿಯವ್ರನ್ನ ಒಮ್ಮೆನೂ ಕೇಳ್ಲಿಲ್ಲ."

ಕತಾರ್‌ಗಾಮ್‌ನ ಆ ಮನೆ ಮೂರನೆಯ ಮಹಡಿಯಲ್ಲಿತ್ತು. ಕೆಳಗೆಲ್ಲ ವಜ್ರ ಸಾಣೆ ಹಿಡಿಯುವ ಕೋಣೆಗಳು, ಭಾನುವಾರವಾದ್ದರಿಂದ ಬೀಗ. ಸೂರತ್ತಿನವರು ಬಾಗಿಲು ತೆಗೆದು, ಮಾಸ್ತರರ ಕಾಲಿಗೆರಗಿ, ನೀರು ತಂದಿಟ್ಟರು. ಒಳಬಾಗಿಲ ಹಿಂದೆ ಮಗಳು ನಿಂತಿದ್ದಳು, ಶಾಲೆಗೆ ಹೊರಟವಳಂತೆ ನೀರಿನ ಬಾಟಲಿ ಕೊರಳಿಗೆ ಹಾಕಿಕೊಂಡು. ತಾಯಿಯನ್ನು ಕಂಡದ್ದೇ ಗುಜರಾತಿಯಲ್ಲಿ "ಮಮ್ಮಿ, ಚಾಲ್" ಎಂದಳು, ನಡಿ ಎಂದು. ಅಪ್ಪ ಅವಳನ್ನು ತಿರುಗಿ ನೋಡಿದ. ಅವಳು ಬಾಯಿ ಮುಚ್ಚಿದಳು.

ಇವರಿಬ್ಬರನ್ನೂ ಕೆಲವು ದಿನ ನನ್ನ ಜೊತೆ ಕಳಿಸು ಎಂದು ಮಾಸ್ತರರು ಕೇಳಿದರು. ಅವನು ನಗುತ್ತಲೇ ಇದ್ದ. "ಒಳಗೆ ಇಟ್ಕಬೇಡ ಅಂತ ನೀವೇ ಹೇಳಿದ್ದಲ್ವಾ ಸಾರ್?" ಎಂದ.

"ಹೇಳಿದ್ದೆ. ತಪ್ಪು ಹೇಳಿದ್ದೆ. ಹುಡುಗೀನ ಕಳಸು."

ನಗು ಮುಖದಲ್ಲಿದ್ದ ಹಾಗೆಯೇ ಅವನು ಬಚ್ಚಲಿಗೆ ಹೋಗಿ ಧೋಕೊ ತಂದ. ಮಾಸ್ತರರು ಕುಂಟುತ್ತಾ ಹೋಗಿ ಮಗುವಿಗೂ ಅವನಿಗೂ ನಡುವೆ ನಿಂತರು. ಅವನು ಕಾಲು ಅಗಲ ಮಾಡಿದ. ಬಲಗಾಲು ತುಸು ಹಿಂದೆ. 'ಹಾ.' ಮೊದಲ ಏಟಿಗೆ ಮಾಸ್ತರರ ಭುಜ ಜೋತುಬಿತ್ತು. 'ಹಾ.' ಎರಡನೆಯದು ಕಿವಿಯ ಮೇಲೆ ಬಿತ್ತು, ರಕ್ತ ಖಾದಿ ಅಂಗಿಯ ಕಾಲರಿಗೆ ಹರಿಯಿತು. ಅವನ ಮುಖದಲ್ಲಿ ಸಿಟ್ಟೇ ಇರಲಿಲ್ಲ. ಅದನ್ನು ಇವತ್ತಿಗೂ ಮರೆಯಲಾರೆ... ಭಾನುವಾರದ ಪಾಠ ಒಪ್ಪಿಸುವವನ ಹಾಗಿದ್ದ.

ನಾನು ಅಡುಗೆಮನೆಯ ಕಟ್ಟೆಯಿಂದ ಕಬ್ಬಿಣದ ಕಾವಲಿ ಎತ್ತಿಕೊಂಡಿದ್ದೆ. ಅವನ ಬೆನ್ನು ನನ್ನ ಕಡೆಗಿತ್ತು, ತಲೆ ನನ್ನ ಕೈಯಳತೆಯಲ್ಲಿತ್ತು. ಕೊಲ್ಲಬೇಕೆಂದೇ ಎತ್ತಿದ್ದೆ, ಬೇರೆ ಮಾತಿಲ್ಲ. ಅವನ ಭುಜದಾಚೆಯಿಂದ ಮಾಸ್ತರರು ನನ್ನನ್ನು ನೋಡಿದರು. ಕಾವಲಿಯನ್ನು ನೋಡಲಿಲ್ಲ, ನನ್ನ ಕಾಲು ನೋಡಿದರು. ನಾನೂ ಕೆಳಗೆ ನೋಡಿದೆ. ಅಗಲವಾಗಿ ನಿಂತಿದ್ದವು, ಬಲಗಾಲು ತುಸು ಹಿಂದೆ.

"ಬ್ಯಾಡವಾ," ಎಂದರು.

ಕಾವಲಿ ಕೈಬಿಟ್ಟೆ. ಮಗುವನ್ನು ಸೊಂಟಕ್ಕೆ ಏರಿಸಿ, ಅವಳ ತಾಯಿಯ ಒಳ್ಳೆಯ ಕೈ ಹಿಡಿದು, ಮೂರು ಮಹಡಿ ಇಳಿದು ಬೀದಿಯಲ್ಲಿ ಕೂಗಿಕೊಂಡೆ. ಎದುರಿನ ಚಹಾದಂಗಡಿಯವರು ಮೇಲಕ್ಕೆ ಓಡಿದರು. ಅವರು ಬಾಗಿಲು ನೂಕಿ ನುಗ್ಗಿ ಅವನನ್ನು ಹಿಡಿದು ಕೆಡವುವವರೆಗೂ ಮಾಸ್ತರರು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದರಂತೆ, ಅವನು ಹೊರಗೆ ಬಾರದ ಹಾಗೆ. ಪೊಲೀಸರು ಬಂದಾಗ ಅವನು ಕಣ್ಣು ಮುಚ್ಚಿ ಕೂತಿದ್ದನಂತೆ.

ತಾಯಿ ಮಗಳು ದಾವಣಗೆರೆಗೆ ಹೋದರು. ಮುಂದೆ ಅವರ ಸುದ್ದಿ ತಿಳಿಯಲಿಲ್ಲ.

ಮಾಸ್ತರರಿಗೆ ಎಡಗಿವಿ ಪೂರ್ತಿ ಹೋಯಿತು. ಎಡಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಪಾಠ ನಿಲ್ಲಿಸಿದರು. ಹಾಸಿಗೆ ಬಿಚ್ಚಿಸಿ, ಅದರ ಅರಳೆಯಿಂದ ದಿಂಬು ಮಾಡಿಸಿ, ನಮಗೆಲ್ಲ ಒಂದೊಂದು ಕೊಟ್ಟರು. ಇದಕ್ಕೆ ಹೊಡೆಯಬೇಡಿ, ತಲೆಯಿಟ್ಟು ಮಲಗಿರಿ ಎಂದರು. ಆಮೇಲೆ ಒಂದು ವಿಚಿತ್ರ ಕೆಲಸಕ್ಕೆ ಹೊರಟರು. ಒಬ್ಬೊಬ್ಬ ಶಿಷ್ಯನ ಮನೆಗೂ ಕುಂಟುತ್ತಾ ಹೋಗುವರು. ಶಿಷ್ಯನನ್ನು ಮಾತಾಡಿಸುವುದಿಲ್ಲ. ಮನೆಯಲ್ಲಿ ಜೊತೆಗಿರುವವರನ್ನು ಕೂರಿಸಿಕೊಂಡು, ಬಲಗಿವಿ ಅವರ ಕಡೆ ತಿರುಗಿಸಿ, ಈಗ ಹೇಗಿದ್ದಾರೆ ಎಂದು ಕೇಳುವರು. ನಮ್ಮ ಕೋಣೆಗೂ ಬಂದರು. ಆಣಂದ್‌ನ ಹುಡುಗಿ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಆದರೂ ಕೇಳಿಸಿತು. ಮೊದಲು ಕೂಗಾಡುತ್ತಿದ್ದಳು, ಆಗ ಭಯವಿರಲಿಲ್ಲ ಅಂಕಲ್, ಈಗ ಕೂಗುವುದಿಲ್ಲ, ಉಸಿರು ಬಿಡುತ್ತಾಳೆ ಎಂದಳು. ಹೊರಗೆ ಬಂದ ಮಾಸ್ತರರು ನನ್ನ ತಲೆಯ ಮೇಲೆ ಕೈಯಿಟ್ಟು, ಮೆಟ್ಟಿಲು ಇಳಿದರು. ನನಗೆ ಅವರ ಮೇಲೆ ತುಂಬಾ ಸಿಟ್ಟು ಬಂತು, ಅಷ್ಟೇ ಅಳುವೂ ಬಂತು.

ಮುಂದಿನ ಮಳೆಗಾಲ ಕಳೆಯುವುದರೊಳಗೆ ಅವರು ತೀರಿಕೊಂಡರು. ನಾನು ಪರೀಕ್ಷೆ ಮುಗಿಸಿ ಅಹಮದಾಬಾದಿಗೆ ಹೋಗಿದ್ದೆ, ಸುದ್ದಿ ತಡವಾಗಿ ಬಂತು.

ಅರಳೆಯವನು ಅದನ್ನು ಎರಡು ಸಲ ಹಿಂಜಿ ನೋಡಿ ಕೈಚೆಲ್ಲಿದ. ಇದು ಉಬ್ಬುವುದಿಲ್ಲ ಬೆಹೆನ್, ಎಳೆಯೆಲ್ಲ ಪುಡಿಯಾಗಿದೆ, ಹೊಸದು ಹಾಕಿಸಿ ಎಂದ. ಹಳೆಯದನ್ನೇ ತುಂಬಿ ಹೊಲಿದುಕೊಡು ಎಂದು ಜಗಳ ಮಾಡಿ ಹೊಲಿಸಿಕೊಂಡು ಮೇಲೆ ತಂದೆ.

ಇಷ್ಟು ವರ್ಷಗಳಲ್ಲಿ ನಾನು ಯಾರ ಮೇಲೂ ಕೈಯೆತ್ತಿಲ್ಲ. ಗಂಡನ ಮೇಲೆ, ಮಗನ ಮೇಲೆ, ಕೆಲಸದವಳ ಮೇಲೆ, ಯಾರ ಮೇಲೂ ಇಲ್ಲ. ಅದು ನನ್ನ ಹೆಮ್ಮೆ. ಆದರೆ ಮೊನ್ನೆ ಸಂಜೆ ಮಗ ಗಾಡಿ ಎಲ್ಲೋ ಗುದ್ದಿಸಿಕೊಂಡು ಬಂದು ಬಾಗಿಲಲ್ಲಿ ನಿಂತ. ನನ್ನ ಮುಖ ನೋಡಲಿಲ್ಲ. ಮೊದಲು ನನ್ನ ಕಾಲು ನೋಡಿದ. ಅವನು ಯಾವಾಗಿನಿಂದ ಹೀಗೆ ನೋಡುತ್ತಿದ್ದಾನೋ...

ಮಾಸ್ತರರು ಇದ್ದಿದ್ದರೆ ಕುಂಟುತ್ತಾ ಈ ಭೋಪಾಲ್‌ಗೂ ಬಂದಿರುತ್ತಿದ್ದರು. ನನ್ನನ್ನು ಹೊರಗೆ ಕಳಿಸಿ, ಹರಕುಮುರುಕು ಕನ್ನಡದ ನನ್ನ ಮಗನ ಪಕ್ಕ ಕೂತು, ಬಲಗಿವಿ ಅವನ ಕಡೆ ತಿರುಗಿಸಿ, ನಿಮ್ಮವ್ವ ಈಗ ಹ್ಯಾಂಗಿದ್ದಾಳೋ ಎಂದು ಕೇಳಿರುತ್ತಿದ್ದರು. ಈಗ ಹಾಗೆ ಕೇಳುವವರು ಇಲ್ಲ. ನಾನೇ ಕೇಳಬೇಕು. ಇನ್ನೂ ಕೇಳಿಲ್ಲ.