ಪಂಚೆಯಲ್ಲಿ ಒರೆಸಿದ ಚೆಂಡು

ಹುಣಸೂರಿನ ಒಂದು ಕ್ಲಬ್ಬಿನಲ್ಲಿ ನಾನು ಟೆನಿಸ್ ಕೋರ್ಟ್ ನೋಡಿಕೊಳ್ಳುತ್ತಿದ್ದೆ. ಹೈಸ್ಕೂಲು ಮುಗಿಸಿದವನಿಗೆ ಸಿಕ್ಕ ಕೆಲಸ, ಇನ್ನೂ ಕಾಯಂ ಆಗಿರಲಿಲ್ಲ. ಮಣ್ಣಿನ ಕೋರ್ಟಿಗೆ ಸಗಣಿ ನೀರು ಚಿಮುಕಿಸಿ, ಗುಡಿಸಿ, ಸುಣ್ಣದಲ್ಲಿ ಗೆರೆ ಎಳೆಯಬೇಕು. ಪಂದ್ಯವಿದ್ದ ದಿನ ಗೆರೆಯ ಪಕ್ಕ ನಿಂತು ಚೆಂಡು ಒಳಗೋ ಹೊರಗೋ ಎಂದು ಹೇಳುವುದೂ ನನ್ನ ಪಾಲಿಗೇ. ತಕರಾರು ಬಂದರೆ ಚೆಂಡು ತೋರಿಸುತ್ತಿದ್ದೆ. ಹಸಿ ಸುಣ್ಣ ಅಂಟಿದ್ದರೆ ಒಳಗೆ. ಅದರ ಮೇಲೆ ಯಾರೂ ಮಾತಾಡುತ್ತಿರಲಿಲ್ಲ.

ಕ್ಲಬ್ಬಿನ ಅಡುಗೆಯವರ ಮಗಳು ಅಲ್ಲೇ ಆಡಿ ಕಲಿತವಳು. ರಾಜ್ಯಮಟ್ಟದ ಆಯ್ಕೆಗೆ ನಮ್ಮ ಕ್ಲಬ್ಬಿನಿಂದ ಒಬ್ಬರನ್ನು ಕಳಿಸಬೇಕಿತ್ತು. ಅದಕ್ಕಾಗಿ ಅವಳಿಗೂ ಕಾರ್ಯದರ್ಶಿಗಳ ಮಗಳಿಗೂ ಪಂದ್ಯ ಇಟ್ಟರು. ಕೊನೆಯ ಹೊತ್ತಿನಲ್ಲಿ ಅಡುಗೆಯವರ ಮಗಳು ಹೊಡೆದ ಚೆಂಡು ಗೆರೆಯ ಮೇಲೇ ಬಿತ್ತು. ನಾನು ಔಟ್ ಎಂದೆ. ಹಾಗೆನ್ನು ಎಂದು ನನಗೆ ಯಾರೂ ಹೇಳಿರಲಿಲ್ಲ. ಕಾರ್ಯದರ್ಶಿಗಳು ಕಾಫಿ ಕುಡಿಯುತ್ತಾ ಇನ್ಯಾರ ಜೊತೆಗೋ ಮಾತಾಡುತ್ತಿದ್ದರು. ಕೆಲಸ ಕಾಯಂ ಆಗಲಿ ಎಂಬ ಆಸೆ ನನ್ನದೇ. "ಚೆಂಡು ತೋರ್ಸಣ್ಣ" ಎಂದು ಅವಳು ಓಡಿ ಬರುವಷ್ಟರಲ್ಲಿ ಅದನ್ನು ಪಂಚೆಯಲ್ಲಿ ಒರೆಸಿಬಿಟ್ಟಿದ್ದೆ.

ಅವಳು ಸೋತಳು. ನನ್ನ ಕೆಲಸ ಕಾಯಂ ಆಯಿತು.

ಮರುವರ್ಷ ಅವಳು ಆಯ್ಕೆಯಾದಳು. ಮುಂದೆ ಆಟವನ್ನೇ ವೃತ್ತಿ ಮಾಡಿಕೊಂಡು ಕೆಲವು ವರ್ಷ ಊರೂರು, ದೇಶದೇಶ ತಿರುಗಿದಳು. ಹೆಸರುವಾಸಿ ಆಗಲಿಲ್ಲ. ಪತ್ರಿಕೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅವಳ ಹೆಸರು ಹುಡುಕುತ್ತಿದ್ದೆ. ಹೆಚ್ಚಾಗಿ ಮೊದಲ ಸುತ್ತಿನ ಸೋಲು. ಆ ಒಂದು ವರ್ಷ ದಂಡವಾಗದಿದ್ದರೆ ಗೆಲ್ಲುತ್ತಿದ್ದಳೇನೋ ಎಂದು ಪ್ರತಿ ಸಲವೂ ಅನ್ನಿಸುತ್ತಿತ್ತು. ಚೆಂಡು ಒರೆಸಿದ್ದನ್ನು ಹೆಂಡತಿಗೂ ಹೇಳಲಿಲ್ಲ.

ಈಗ ಅವಳು ಹ್ಯಾಂಡ್‌ಪೋಸ್ಟ್ ಎಂಬ ಊರಿನ ಹತ್ತಿರದ ಶಾಲೆಯೊಂದರಲ್ಲಿ ಮಕ್ಕಳಿಗೆ ಟೆನಿಸ್ ಕಲಿಸುತ್ತಾಳೆಂದು ತಿಳಿದು, ಹೋದ ತಿಂಗಳು ಬಸ್ಸು ಹತ್ತಿದೆ. ಅವಳ ತಲೆ ಅರ್ಧ ನರೆತಿತ್ತು, ಎಡಗಾಲು ಎಳೆದು ನಡೆಯುತ್ತಿದ್ದಳು. ನನ್ನ ಗುರುತು ತಕ್ಷಣ ಹಿಡಿದಳು.

"ಏನಣ್ಣ, ಕೋರ್ಟಿಗೆ ಬಂದಂಗೆ ಮುಖ ಮಾಡ್ಕಂಡಿದ್ದೀರಿ? ಜಡ್ಜು ಕೂರೋ ಕೋರ್ಟು ಅಲ್ಲ ಕಣಣ್ಣ ಇದು."

"ಅವತ್ತು ಚೆಂಡು ಒಳಗೇ ಬಿದ್ದಿತ್ತು ಕಣವ್ವ. ನಾನೇ ಸುಣ್ಣ ಒರೆಸ್‌ಬುಟ್ಟೆ."

ಅವಳು ಬಗ್ಗಿ ಎರಡು ಚೆಂಡು ಆಯ್ದು ಬಕೆಟ್ಟಿಗೆ ಹಾಕಿದಳು.

"ಗೊತ್ತಿತ್ತು. ಮೂರು ತಿಂಗ್ಳು ರಾಕೆಟ್ಟು ಮುಟ್ಲಿಲ್ಲ ನಾನು. ನಿಮ್ಮನ್ನ ಬೈಯ್ಕಂಡೇ ತಿರುಗ್ತಿದ್ದೆ."

"ಆಮ್ಯಾಲೆ ನೀನು ಸೋತಾಗೆಲ್ಲ ನನ್ನಿಂದ್ಲೇ ಅನ್ಕತಿದ್ದೆ."

ಅದಕ್ಕೆ ಅವಳು ಜೋರಾಗಿ ನಕ್ಕಳು. "ಅಷ್ಟೂ ಸೋಲು ನೀವೇ ಹೊತ್ಕಂಡ್ರೆ ನಂಗೇನು ಉಳೀತು? ನನ್ ಸರ್ವೀಸು ನೆಟ್ಟಗಿರ್ಲಿಲ್ಲ, ಅದ್ಕೇ ಸೋತೆ. ಮಂಡಿ ಕೆಡ್ತು, ಆಟ ಬುಟ್ಟೆ. ಆಡಿದಷ್ಟು ದಿನ ಖುಸಿಯಾಗೇ ಆಡ್ದೆ ಕಣಣ್ಣ. ಆ ಒಂದು ಚೆಂಡು ನಿಮ್ದು, ತಪ್ಪೇ ಅದು. ಮಿಕ್ಕಿದ್ದೆಲ್ಲ ನಂದು, ಇಲ್ಲೇ ಮಡಗಿ ಹೋಗಿ."

ನಾನು ಮಾಡಿದ್ದು ತಪ್ಪಲ್ಲ ಎಂದು ಅವಳು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ತಪ್ಪೇ ಎಂದಳು, ಹಾಗಾಗಿ ಮಿಕ್ಕಿದ್ದನ್ನೂ ನಂಬಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಎಂಥ ನಿದ್ದೆ ಹತ್ತಿತೆಂದರೆ, ಹುಣಸೂರು ಬಂತೆಂದು ಕಂಡಕ್ಟರ್ ಭುಜ ಅಲುಗಿಸಿ ಎಬ್ಬಿಸಬೇಕಾಯಿತು.